ನಾಲ್ಕರಲ್ಲೊಂದು

ಪೋರ್ಟ್ ನನ್ ಕ್ರೋ ದೋಣಿಕಟ್ಟೆಯ ಶೌಚಾಲಯಕ್ಕೆ
ಬಿಳಿ ಗೋಡೆ, ಬಾಗಿಲ ಮೇಲೊಂದು ಪಾದರಸದ ದೀಪ.
ತೊಳೆಯುವವನು ನಾನು, ಕ್ಯಾಲಮ್.
ಬೆಳಗಿನ ಐದೂವರೆಗೆ ಬಕೆಟ್ಟು, ಬ್ರಷ್ಷು,
ಕೌನ್ಸಿಲ್ಲಿನ ಪಟ್ಟಿ: ನೆಲ, ಕನ್ನಡಿ, ಬೇಸಿನ್ನು,
ಕೊನೆಗೆ, ಗೋಡೆಯ ಹುಳಗಳನ್ನು ತೆಗೆಯುವುದು.

ಮೊದಲ ದಿನವೇ ಒಬ್ಬಳು ಬ್ರಷ್ಷಿಗೆ ಅಡ್ಡ ನಿಂತಳು.
ನೈಟಿಯ ಮೇಲೆ ಮಳೆಕೋಟು, ರಬ್ಬರ್ ಬೂಟು,
ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ.
"ಅರ್ಧ ಗಂಟೆ ಕೊಡು," ಎಂದಳು ಶೋನಾಗ್,
"ಇವರ ಹೆಸರು ಬರೆದುಕೊಳ್ಳುತ್ತೇನೆ. ಆಮೇಲೆ ಗೋಡೆ ನಿನ್ನದು."

ಇವುಗಳ ಅಂದಿದ್ದರೆ ತೊಳೆದುಬಿಡುತ್ತಿದ್ದೆ.
ಇವರ ಅಂದಳು.

ನನ್ನ ಕಣ್ಣಿಗೆ ಎಲ್ಲವೂ ಕಂದು.
ಅವಳಿಗೆ ಕಂದಿನಲ್ಲೇ ಒಂದು ಸಂತೆ:
ಆರಿದ ಚಹಾದ ಕಂದು, ಲಂಗರಿನ ತುಕ್ಕಿನ ಕಂದು,
ನನ್ನಪ್ಪನ ಕೋಟಿನ ಮೊಣಕೈ ಸವೆದ ಕಂದು.
"ಬಣ್ಣ ಸುಳ್ಳು ಹೇಳುತ್ತೆ, ಕೂತ ಠೀವಿ ನೋಡು.
ರೆಕ್ಕೆ ಸೂರಿನ ಹಾಗೆ ಇಳಿದಿದೆಯೋ
ಚಾಪೆಯ ಹಾಗೆ ಹಾಸಿದೆಯೋ?"

ಒಮ್ಮೆ ಮುರಿದ ಬರ್ಚ್ ಕಡ್ಡಿಯನ್ನು ಗುಡಿಸಹೋದೆ.
ಕಡ್ಡಿ ಆರು ಕಾಲು ಚಾಚಿ
ನನ್ನ ಬೂಟಿನ ಮೇಲೆ ಹತ್ತಿತು.
ಅವಳು ನಕ್ಕಿದ್ದಕ್ಕೆ ಕಟ್ಟೆಯ ಕಡಲಕಾಗೆಗಳು ಎದ್ದವು.

ಕಲಿತೆ. ಒಂದೊಂದಾಗಿ, ಬೈಸಿಕೊಂಡು.
ಬೆನ್ನ ಮೇಲೆ ಬೆಳ್ಳಿಯ ಅಕ್ಷರವಿದ್ದವಳು
ತೆಂಕಣ ಕಡಲು ದಾಟಿ ಬಂದವಳು.
ಹೀದರ್ ಪೊದೆಯವನಿಗೆ ಪ್ರೇಮದ ಗಂಟು ಅಂತ ಹೆಸರು,
ಯಾರು ಇಟ್ಟರೋ, ಅವರಿಗೆ ಯಾರು ಕೈಕೊಟ್ಟಿದ್ದರೋ.

"ಪಾಪ, ಬೆಳಕಿಗೆ ಮರುಳಾಗಿ ಸಾಯುತ್ತಾರೆ," ಅಂದೆ,
ಎಲ್ಲರೂ ಅನ್ನುವುದನ್ನೇ.
"ಮರುಳೂ ಇಲ್ಲ, ಮಣ್ಣೂ ಇಲ್ಲ," ರೇಗಿದಳು.
"ಬೆಳಕಿದ್ದ ಕಡೆ ಮೇಲು ಅಂತ ಅವರ ಲೆಕ್ಕ.
ಆಕಾಶಕ್ಕೆ ಬೆನ್ನು ಕೊಟ್ಟು ಹಾರುವ ಜಾತಿ.
ನೀವು ಶೌಚಾಲಯದ ಮೇಲೊಂದು ಆಕಾಶ ನೇತುಹಾಕಿದಿರಿ,
ಬೆನ್ನು ಕೊಟ್ಟರು, ಸುತ್ತಿದರು, ಸುತ್ತುತ್ತಲೇ ಉಳಿದರು."
ಆಮೇಲೆ ನಾನು ಬಹಳ ಹೊತ್ತು ಕನ್ನಡಿ ಒರೆಸಿದೆ.

ಆಗಸ್ಟ್ ಕೊನೆಗೆ ಬಂದವನು ಕಿವಿ.
ತುಕ್ಕುಬಣ್ಣದ ರೆಕ್ಕೆ, ಅದರ ಮೇಲೆ ಬಿಳಿಯದೊಂದು ಗುರುತು,
ಎಳೆಗೂಸಿನ ಕಿವಿಯಷ್ಟೇ ಮುದುರಿದ್ದು.
"ಇದು ನಾಲ್ಕು ಜಾತಿ," ಅಂದಳು, "ನಾಲ್ಕಕ್ಕೂ ಇದೇ ಮುಖ.
ಒಂದಕ್ಕೆ ಅಲ್ಲಿ ಆಚೆ ದಡದ ಕ್ರಿನನ್ ಊರಿನ ಹೆಸರು.
ತಿಳಿಯಬೇಕಾದರೆ ಕೊಂದು, ಹೊಟ್ಟೆ ಸೀಳಿ,
ಗಾಜಿನ ಅಡಿ ಇಟ್ಟು ನೋಡಬೇಕು."
"ನೋಡ್ತೀಯ?"
ಅವಳು ಪೆನ್ಸಿಲ್ಲಿನ ತುದಿ ನೆಕ್ಕಿ ಬರೆದಳು:
ಕಿವಿ, ನಾಲ್ಕರಲ್ಲೊಂದು.
ಅಂಗೈ ಮರೆಮಾಡಿ ಒಯ್ದು
ಡಾಕ್ ಎಲೆಯ ಅಡಿಯಲ್ಲಿ ಬಿಟ್ಟಳು, ಹಕ್ಕಿಗಳು ಏಳುವ ಮೊದಲು.

ಮರುವರ್ಷ ಕೌನ್ಸಿಲ್ಲಿನ ವ್ಯಾನು ಬಂತು.
ಹಳೆಯ ದೀಪ ಕಿತ್ತರು, ಜೇನುಬಣ್ಣದ ಎಲ್‌ಇಡಿ ಹಾಕಿದರು.
ಒಳ್ಳೆಯದೇ. ವಿದ್ಯುತ್ತು ಉಳಿಯಿತು,
ಇರುಳೂ ಕೊಂಚ ಇರುಳಾಯಿತು.
ಬೆಳಿಗ್ಗೆ ಗೋಡೆ ತೊಳೆದಿಟ್ಟ ತಟ್ಟೆ.
ಪಟ್ಟಿಯಲ್ಲಿ ಬರೆದೆ, ಹುಳಗಳು: ಇಲ್ಲ.
ಶೋನಾಗ್ ಬಂದಳು, ಭೂತಗನ್ನಡಿ ಎತ್ತಲೂ ಇಲ್ಲ.
"ಅವರಿಗೆ ಒಳ್ಳೆಯದಾಯಿತು ಬಿಡು," ಅಂದಳು.
ಬೂಟಿನ ಸದ್ದು ಏರುದಾರಿಯಲ್ಲಿ ಸಣ್ಣದಾಯಿತು.

ಕಿತ್ತ ದೀಪವನ್ನು ಕಸದ ತೊಟ್ಟಿಯಿಂದ ನಾನೇ ಎತ್ತಿದೆ,
ಅದರ ಡಬ್ಬಿ, ತಂತಿ ಸಮೇತ. ಕಳ್ಳತನವೆಂದರೆ ಕಳ್ಳತನ.
ವಾರಕ್ಕೊಂದೇ ರಾತ್ರಿ, ಬಲೆ ಒಣಗಿಸುವ ಕಂಬಕ್ಕೆ
ಅಮ್ಮನ ಹಾಸಿಗೆಯ ಚಾದರ ಕಟ್ಟಿ ಹಚ್ಚುತ್ತೇನೆ.
ಮೊದಲ ಸಲ ಮಿಜ್ ಹುಳಗಳೇ ಕಿವಿಗೆ, ಮೂಗಿಗೆ, ಚಹಾಕ್ಕೆ.
ಎರಡು ಗಂಟೆಗೆ ಚಾದರದ ಅಂಚಿಗೆ,
ಅಮ್ಮ ಹಾಕಿದ ತೇಪೆಯ ಪಕ್ಕ,
ತುಕ್ಕುಬಣ್ಣದವನೊಬ್ಬ ರೆಕ್ಕೆ ಇಳಿಸಿ ಕೂತ.

ಫೋನ್ ಮಾಡಿದೆ. ಎರಡನೇ ಗಂಟೆಗೇ ಎತ್ತಿದಳು,
ನಿದ್ದೆ ಮಾಡಿರಲಿಲ್ಲ.
"ಯಾರು?" ಅಂದಳು.
ನನ್ನನ್ನು ಕೇಳಿದಳೋ ಅವನನ್ನೋ.
"ಕಿವಿ," ಅಂದೆ.
ಆ ಕಡೆ ಬೂಟು ಹುಡುಕುವ ಸದ್ದು.